ಹೊರಗಿನ ಬೆಂಚು

ಬೆಳಗಿನ ಏಳರ ಹಡಗು. ವೆಸ್ಟ್ರೇಯಿಂದ ಕರ್ಕ್‌ವಾಲ್‌ಗೆ
ಒಂದೂವರೆ ತಾಸು.
ಅಪ್ಪ ಕೋಟು ತೊಟ್ಟಿದ್ದ. ಮದುವೆ ಕೋಟು ಅನ್ನುತ್ತಾನೆ ಅದಕ್ಕೆ;
ಹೊಲಿಸಿದ್ದು ಅಮ್ಮನ ಮಣ್ಣಿಗೆ.

ತಂಗಿ ಇಂಗಾ ಫೋನಿನಲ್ಲಿ ಕೇಳಿದ್ದಳು:
"ಚೆನ್ನಾಗೇ ಇದ್ದಾನಲ್ಲ ಅಪ್ಪ, ಈಗಲೇ ಯಾಕೆ ಮುಖ್ತ್ಯಾರು ಪತ್ರ?"
ಚೆನ್ನಾಗಿದ್ದಾನೆ. ಅದಕ್ಕೇ.

ಉಬ್ಬರ ಇಳಿತದ ಪಟ್ಟಿ ಫ್ರಿಜ್ಜಿನಲ್ಲಿ ಸಿಕ್ಕಿದ್ದು,
ಬೆಣ್ಣೆಯ ಪಕ್ಕ, ನೀಟಾಗಿ ಮಡಿಸಿ —
ಅವಳಿಗೆ ಹೇಳಲಿಲ್ಲ.
ಕಲ್ಲಿದ್ದಲಿನ ಬಿಲ್ಲು ಎರಡು ಸಲ ಕಟ್ಟಿದ್ದೂ.
ಎರಡು ಸಲ ಯಾರಾದರೂ ಕಟ್ಟುತ್ತಾರೆ.

ಚಹಾ ಆರಿಸುತ್ತ ಅಪ್ಪ
ಡ್ರೀವರನ ಕಥೆ ಮತ್ತೆ ತೆಗೆದ.
ಕುರಿ ಈಯುವ ಕಾಲ, ಕೊಟ್ಟಿಗೆಯಲ್ಲೇ ಲಕ್ವ ಹೊಡೆದು
ಬಾಯಿ ಬಿದ್ದುಹೋಯಿತು. ಕಾಗದ ಒಂದೂ ಇಲ್ಲ.
ನಲವತ್ತು ವರ್ಷ ಒಂದೇ ದಿಂಬಿಗೆ ತಲೆ ಕೊಟ್ಟವಳು
ಬ್ಯಾಂಕಿನ ಗಾಜಿನ ಮುಂದೆ ಯಾರೂ ಅಲ್ಲ.
ಇಬ್ಬರು ಡಾಕ್ಟರು, ಒಬ್ಬ ಶೆರಿಫ್, ಎಂಟು ತಿಂಗಳು,
ಗಂಡನ ಕುರಿ ಮಾರಲು.
"ಅಷ್ಟೊತ್ತಿಗೆ ಕುರಿಗಳೇ ಮುದುಕಾಗಿದ್ದವು" ಎಂದು ನಕ್ಕ,
ಯಾವಾಗಲೂ ನಗುವ ಜಾಗದಲ್ಲೇ.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ನಮ್ಮ ದ್ವೀಪದಲ್ಲಿ ಗಾಳಿ ನಿಂತ ದಿನ ಯಾರಿಗೂ ನೆನಪಿಲ್ಲ;
ಅದಕ್ಕೇ ತೂರುವುದು ನಾಳೆ, ನಾಳೆ ಅಂತ
ರಾಶಿ ಅಂಗಳದಲ್ಲೇ ನೆನೆದು ಮೊಳೆಯುತ್ತದೆ.

ವಕೀಲೆ ಚಿಕ್ಕವಳು, ಫೂಬಿಸ್ಟರನ ಮೊಮ್ಮಗಳು.
"ನಿನ್ನಜ್ಜನ ದೋಣಿಗೆ ಎಂಜಿನ್ ಕೂರಿಸಿದ್ದು ನಾನು" ಎಂದ ಅಪ್ಪ.
"ಈಗಲೂ ಓಡ್ತಿದೆ" ಎಂದಳು. ಆಮೇಲೆ ನನ್ನತ್ತ ತಿರುಗಿ,
ಮೆಲ್ಲಗೆ: "ಮೆರನ್, ನೀವು ಸ್ವಲ್ಪ ಹೊರಗೆ ಕೂತಿರಬೇಕು.
ಇವರೊಬ್ಬರನ್ನೇ ಕೇಳಬೇಕು. ಕಾನೂನು."

ಕಾನೂನಿಗೆ ನನ್ನ ಮೇಲೆ ಅನುಮಾನ. ಇರಬೇಕಾದದ್ದೇ.
ಬೆಂಚು ಗಟ್ಟಿ. ಗೋಡೆಯ ಮೇಲೆ ಯಾವುದೋ ಕಾಲದ ಕುದುರೆ ಸಂತೆ.
ಮಸುಕು ಗಾಜಿನಾಚೆ ಎರಡು ನೆರಳು,
ಒಂದು ಬರೆಯುತ್ತಿದೆ, ಒಂದು ಸುಮ್ಮನಿದೆ.
ಏನು ಕೊಡುತ್ತಿದ್ದೀರಿ, ಗೊತ್ತೇ? ಯಾರಿಗೆ? ಇವಳಿಗೇ ಯಾಕೆ?
ಹೀಗೆಲ್ಲ ಕೇಳುತ್ತಾರಂತೆ.
ಉತ್ತರ ಬಾರದೆ ಹೋದರೆ ಅನ್ನುವ ಭಯ ಒಂದು ಕಡೆ;
ಉತ್ತರ ಸರಿಯಾಗೇ ಬಂದು, ಅದರಲ್ಲಿ ನಾನಿಲ್ಲದಿದ್ದರೆ
ಅನ್ನುವುದು ಇನ್ನೊಂದು.
ಎರಡನೆಯದೇ ದೊಡ್ಡದು ಅಂತ ಆ ಬೆಂಚಿನ ಮೇಲೆ ತಿಳಿಯಿತು.
ನಾಚಿಕೆಯಾಯಿತು.

ಹನ್ನೆರಡು ನಿಮಿಷ. ಒಳಗಿಂದ ಒಂದು ನಗು:
ಡ್ರೀವರನ ಕುರಿ ಮುದುಕಾದ ಜಾಗ.

ರುಜು ಹಾಕಿದ್ದು ನನ್ನೆದುರೇ,
ತಿರುಪು ಬಿಗಿಯುವವನಂತೆ,
ಕೊನೆಯ ಅಕ್ಷರಕ್ಕೆ ಅರ್ಧ ಸುತ್ತು ಹೆಚ್ಚು.
ಪೆನ್ನು ಕೆಳಗಿಟ್ಟಾಗ ಎಡ ಅಂಗೈ ತೆರೆದುಕೊಂಡಿತು.
ನೀಲಿ ಶಾಯಿ. ಬೆವರಿಗೆ ಒಸರಿದ ಅಕ್ಷರ.
ಗುರುವಾರ.

ವಾಪಸು ಹಡಗಿನ ಹಿಂದುಗಡೆ ಕಂಬಿ ಹಿಡಿದು ನಿಂತೆವು.
ನಾನು ಕೇಳಲಿಲ್ಲ. ಅವನೇ ಹೇಳಿದ:
"ನೋಡಿದೆ ಅಲ್ವಾ. ಅದನ್ನ ಕೇಳಲೇ ಇಲ್ಲ ಆ ಹುಡುಗಿ.
ಕೇಳಿದ್ದು ಬೇರೆ."
"ಏನು?"
"ಅದಕ್ಕೇ ತಾನೆ ನಿನ್ನ ಹೊರಗೆ ಕೂರಿಸಿದ್ದು."

ದಕ್ಕೆಯ ಇಳಿಜಾರು ಒದ್ದೆಯಿತ್ತು. ಕೈ ಚಾಚಿದೆ.
ಎಂದೂ ಹಿಡಿಯದವ ಹಿಡಿದ.

ಮನೆಗೆ ಬಂದು ದೀಪದ ಕೆಳಗೆ ನೋಡಿಕೊಂಡರೆ
ನನ್ನ ಅಂಗೈಯಲ್ಲೂ ಅದೇ ನೀಲಿ, ತಿರುಗುಮುರುಗಾಗಿ,
ಓದಲು ಬಾರದ ವಾರ.

ಹಾಲಿಗೆಂದು ಫ್ರಿಜ್ಜು ತೆರೆದೆ.
ಉಬ್ಬರದ ಪಟ್ಟಿ ಮತ್ತೆ ಅಲ್ಲಿಗೇ ಬಂದಿತ್ತು.
ನಾಳೆ ಆರೂ ಹತ್ತಕ್ಕೆ ನೀರೇರುತ್ತದೆ.
ಓದಿ, ಅಲ್ಲೇ ಇಟ್ಟೆ.